ಅಯಸ್ಕಾಂತದ ಪಾಠಕ್ಕೊಂದು ತಿದ್ದುಪಡಿ

ಮಾಗಡಿ, ಕನಕಪುರ, ಚನ್ನಪಟ್ಟಣಗಳಿಂದ ಬಂದು ನಮ್ಮಲ್ಲಿ ಕಲಿತು ಹೋದ ವಿದ್ಯಾರ್ಥಿನಿಯರು ಅರ್ಕಾವತಿಯ ಮರಳಿನ ಪಾಠವನ್ನು ಮರೆತಿರಲಾರರು. ಮಳೆ ನಿಂತ ಮೇಲೆ ತಂದ ಮರಳನ್ನು ಒಣಗಿಸಿ ಕಾಗದದ ಮೇಲೆ ಹರವಿ, ಅಡಿಯಲ್ಲಿ ಅಯಸ್ಕಾಂತವನ್ನು ಆಡಿಸಿದರೆ ಕರಿಯ ಕಣಗಳು ಮಾತ್ರ ಎದ್ದು ನಡೆಯುವುವು. ರಾಮನಗರದ ಬೆಟ್ಟಗಳದು ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆ. ಹಿಂದೆ ಊರಿಗೂ ಅದೇ ಹೆಸರಿದ್ದಿತು. ಆ ಶಿಲೆ ಸವೆದಾಗ ಉದುರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡು ಹೀಗೆ ಮರಳಿನಲ್ಲಿ ಸೇರಿರುವುದು.

ಅದೇ ಪಾಠದಲ್ಲಿ, ಅಯಸ್ಕಾಂತವನ್ನು ಎಷ್ಟು ತುಂಡು ಮಾಡಿದರೂ ಪ್ರತಿ ತುಂಡೂ ಎರಡು ಧ್ರುವಗಳುಳ್ಳ ಸ್ಥಿರವಾದ ಅಯಸ್ಕಾಂತವೇ ಎಂದು ನಾವು ಹೇಳುತ್ತಿದ್ದೆವು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಎಷ್ಟು ಅಂದರೆ ಎಲ್ಲಿಯವರೆಗೆ, ಟೀಚರ್?” ಎಂದು ಕೇಳಿದಳು. “ಕೊನೆಯವರೆಗೂ” ಎಂದು ಹೇಳಿ ಕೂರಿಸಿದೆವು. ಆ ಉತ್ತರ ತಪ್ಪು. ಈ ಸಂಚಿಕೆ ಅವಳ ಕೈಸೇರಲೆಂದೇ ಇದನ್ನು ಬರೆಯುತ್ತಿದ್ದೇವೆ.

ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ದೊಡ್ಡ ಮ್ಯಾಗ್ನಟೈಟ್ ಕಣದೊಳಗೆ ಬೇರೆಬೇರೆ ದಿಕ್ಕಿಗೆ ಮುಖ ಮಾಡಿದ ಅನೇಕ ವಲಯಗಳಿರುವುವು. ಕಣವು ಸುಮಾರು 80 ನ್ಯಾನೋಮೀಟರಿಗಿಂತ ಚಿಕ್ಕದಾದರೆ ಇಡೀ ಕಣಕ್ಕೆ ಒಂದೇ ವಲಯ. ಸುಮಾರು 20ಕ್ಕಿಂತಲೂ ಕಿರಿದಾದರೆ ಕೋಣೆಯ ಸಾಧಾರಣ ಶಾಖವೇ ಅದರ ಧ್ರುವಗಳನ್ನು ಕ್ಷಣಕ್ಷಣಕ್ಕೂ ತಿರುಗಿಸಿಬಿಡುವುದು. ಕಾಂತತ್ವವು ಅಳಿಯುವುದಿಲ್ಲ, ದಿಕ್ಕು ಮಾತ್ರ ನಿಲ್ಲುವುದಿಲ್ಲ. ಹತ್ತಿರಕ್ಕೆ ಅಯಸ್ಕಾಂತವನ್ನು ತಂದರೆ ಕಣಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ಸೆಳೆಯಲ್ಪಡುವುವು. ತೆಗೆದೊಡನೆ ಆ ಶಿಸ್ತು ಮಾಯ. ಇದಕ್ಕೆ ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಎಂದು ಹೆಸರು. ಫ್ರಾನ್ಸಿನ ಲೂಯಿ ನೀಲ್ ಅವರು 1949ರಲ್ಲಿಯೇ ಇದರ ಕಾರಣವನ್ನು ವಿವರಿಸಿದ್ದರು. ಆದುದರಿಂದ ನಮ್ಮ ಅಜ್ಞಾನಕ್ಕೆ ಕಾಲದ ನೆಪವಿಲ್ಲ.

ಕರೆದಾಗ ಬಂದು ಬಿಟ್ಟಾಗ ಚದುರುವ ಈ ಗುಣವೇ ಬಹಳ ಉಪಯೋಗದ್ದು. 2020ರ ಕೋವಿಡ್ ಕಾಲದಲ್ಲಿ ಅನೇಕ ಪ್ರಯೋಗಶಾಲೆಗಳು ಇಂಥ ಕಣಗಳನ್ನು ತುಂಬಿದ ಸೂಕ್ಷ್ಮ ಗುಂಡುಗಳಿಗೆ ವೈರಸ್ಸಿನ ಆರ್‌ಎನ್‌ಎ ಅಂಟುವಂತೆ ಮಾಡಿ, ಅಯಸ್ಕಾಂತದಿಂದ ಸೆಳೆದು ಬೇರ್ಪಡಿಸುತ್ತಿದ್ದುವು.

ಕಣಗಳಿಗೆ ಹೊದಿಕೆ ಅವಶ್ಯ. ಇಲ್ಲವಾದರೆ ಅವು ಒಂದಕ್ಕೊಂದು ಅಂಟಿ ಗಂಟಾಗುವುವು. ಚನ್ನಪಟ್ಟಣದ ಕುಶಲಕರ್ಮಿಯು ತಿರುಗುವ ಬೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಬಿಸಿಗೆ ಕರಗಿಸಿ ಮೈತುಂಬ ಹೊದಿಸುವುದನ್ನು ನೆನೆದುಕೊಳ್ಳಿರಿ. ಇಲ್ಲಿ ಅರಗಿನ ಬದಲು ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಜಾತಿಯ ವಸ್ತು ಮುಂತಾದುವು ಉಪಯೋಗವಾಗುವುವು. ಹೀಗೆ ಹೊದಿಸಿದ ಕಬ್ಬಿಣದ ಆಕ್ಸೈಡಿನ ಕಣಗಳಿಂದಾದ ಫೆರುಮಾಕ್ಸಿಟಾಲ್ ಎಂಬ ಔಷಧವನ್ನು, ಮೂತ್ರಪಿಂಡದ ರೋಗಿಗಳ ರಕ್ತಹೀನತೆಗಾಗಿ ಅಮೇರಿಕದಲ್ಲಿ 2009ರಲ್ಲಿ ಅಂಗೀಕರಿಸಿದರು. ಗೆಡ್ಡೆಯೊಳಗೆ ಕಣಗಳನ್ನು ಸೇರಿಸಿ, ದಿಕ್ಕು ಬದಲಾಯಿಸುವ ಕಾಂತಕ್ಷೇತ್ರದಿಂದ ಬಿಸಿ ಮಾಡುವ ಕ್ಯಾನ್ಸರ್ ಚಿಕಿತ್ಸೆಯೂ ಉಂಟು. ಆದರೆ ಅದು ಊರೂರಿನ ಆಸ್ಪತ್ರೆಯಲ್ಲಿ ದೊರೆಯುವಂಥದಲ್ಲ. ತಂದೆತಾಯಂದಿರು ಜಾಹೀರಾತು ನೋಡಿ ಹಣ ಕಳೆದುಕೊಳ್ಳಬಾರದೆಂದು ಈ ಮಾತು.

ನಮ್ಮನ್ನು ಹೆಚ್ಚಾಗಿ ಬೆರಗುಗೊಳಿಸಿದುದು ಬೇರೆಯೇ. ಕೆಸರಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಗಳು ತಮ್ಮ ದೇಹದೊಳಗೆ ಮ್ಯಾಗ್ನಟೈಟ್ ಹರಳುಗಳನ್ನು ಬೆಳೆಸಿ ಸರದಂತೆ ಪೋಣಿಸಿಕೊಂಡು, ಭೂಮಿಯ ಕಾಂತಕ್ಷೇತ್ರವನ್ನನುಸರಿಸಿ ಈಜುವುವು. ಇಂಥ ಬ್ಯಾಕ್ಟೀರಿಯಗಳ ವಿಷಯವನ್ನು ಅಮೇರಿಕದ ರಿಚರ್ಡ್ ಬ್ಲೇಕ್‌ಮೋರ್ 1975ರಲ್ಲಿ ಪ್ರಕಟಿಸಿದರು. ಆ ಹರಳುಗಳು ಹೆಚ್ಚಾಗಿ 35ರಿಂದ 120 ನ್ಯಾನೋಮೀಟರ್ ಗಾತ್ರದವು: ದಿಕ್ಕನ್ನು ಹಿಡಿದು ನಿಲ್ಲಲು ಬೇಕಾದಷ್ಟೇ. ನಾವು ತಪ್ಪು ಹೇಳಿದ ಆ ಎಲ್ಲೆಯನ್ನು ಸೃಷ್ಟಿಕರ್ತನು ಕೆಸರಿನ ಜೀವಿಗೆ ಕಲಿಸಿದ್ದನು.

ಅರ್ಕಾವತಿಯ ಕರಿಮರಳಿನ ಸೀಸೆಯು ಪ್ರಯೋಗಶಾಲೆಯ ಕಿಟಕಿಯ ಬಳಿ ಹಳೆಯ ಸ್ಥಳದಲ್ಲಿಯೇ ಇದೆ. ಪೂರ್ವ ವಿದ್ಯಾರ್ಥಿನಿಯರ ಕೂಟದ ದಿನ ಆ ಕೋಣೆಯ ಬಾಗಿಲು ತೆರೆದಿರುವುದು.