ಫೋಕಸ್ ಹಿಡಿಯದ ಲೆನ್ಸು: ರಿಪೇರಿಗೋ, ಕಪಾಟಿಗೋ?

ತಮ್ಮಾ, ಆಟೋಫೋಕಸ್ ಸತ್ತಿದೆ, ಮಾಡಿಸಲೋ ಬಿಡಲೋ ಎಂದು ಕೇಳಿದ್ದೀ. ಹಂಪಿಯ ಕಲ್ಲು ತೆಗೆಯುವವನಿಗೆ ಒಂದು ಉತ್ತರ, ಕಂಪ್ಲಿಯಲ್ಲಿ ಮದುವೆ ಹಿಡಿಯುವವನಿಗೆ ಇನ್ನೊಂದು, ದರೋಜಿಯಲ್ಲಿ ಕರಡಿಗೆ ಕಾಯುವವನಿಗೆ ಬೇರೆಯೇ. ಆ ಲೆನ್ಸಿನಿಂದ ನೀನು ದುಡಿಯುವುದು ಏನನ್ನು ಎಂಬುದು ಮೊದಲು ತೀರ್ಮಾನವಾಗಲಿ, ರೇಟಿನ ಮಾತು ಆಮೇಲೆ.

• ಕೆಟ್ಟಿರುವುದು ಲೆನ್ಸೇ ಹೌದಾ ನೋಡು. ನಿನ್ನ ಲೆನ್ಸನ್ನು ಗೆಳೆಯನ ಕ್ಯಾಮೆರಾಕ್ಕೆ ಹಾಕು, ಅವನದನ್ನು ನಿನ್ನ ಕ್ಯಾಮೆರಾಕ್ಕೆ ಹಾಕು. ಡಿಎಸ್‌ಎಲ್‌ಆರ್ ಆಗಿದ್ದರೆ ಇನ್ನೊಂದು ಪರೀಕ್ಷೆ ಇದೆ: ವ್ಯೂಫೈಂಡರ್‌ನಲ್ಲಿ ಹಿಡಿಯದ ಫೋಕಸ್ ಲೈವ್ ವ್ಯೂನಲ್ಲಿ ಹಿಡಿದರೆ ಮೋಟರ್ ಬದುಕಿದೆ ಎಂದರ್ಥ. ರೋಗ ಕ್ಯಾಮೆರಾದ ಒಳಗಿದೆ.

• ಸ್ವಿಚ್ ನೋಡು, ನಗಬೇಡ. ಬ್ಯಾಗಿನಲ್ಲಿ ಉಜ್ಜಿ ಎಎಫ್‌ನಿಂದ ಎಂಎಫ್‌ಗೆ ಜಾರಿರುತ್ತದೆ. ದೊಡ್ಡ ಟೆಲಿ ಲೆನ್ಸಿನಲ್ಲಿ ದೂರದ ಮಿತಿ ಹಾಕುವ ಸ್ವಿಚ್ ಬೇರೆ ಇರುತ್ತದೆ. ಅದು ಬಿದ್ದಿದ್ದರೆ ಹತ್ತಿರದ್ದು ಏನು ಮಾಡಿದರೂ ಹಿಡಿಯದು. ಕ್ಯಾಮೆರಾ ಸೆಕೆಂಡ್ಸ್‌ನಲ್ಲಿ ತಂದಿದ್ದರೆ ಮೆನುವನ್ನೂ ತೆರೆ. ಹಳೆಯ ಮಾಲೀಕ ಫೋಕಸ್ಸನ್ನು ಶಟರ್ ಗುಂಡಿಯಿಂದ ತೆಗೆದು ಹಿಂದಿನ ಗುಂಡಿಗೆ ಕೊಟ್ಟಿರಬಹುದು.

• ನಿಕಾನ್‌ನವರಿಗೆ ಒಂದು ಮಾತು. ಹಳೆಯ ಎಎಫ್-ಡಿ ಲೆನ್ಸಿನೊಳಗೆ ಮೋಟರ್ರೇ ಇಲ್ಲ, ಕ್ಯಾಮೆರಾದಿಂದ ಬರುವ ಸ್ಕ್ರೂ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಸ್ಕ್ರೂ ಇಲ್ಲ. ಎಫ್‌ಟಿಜಡ್ ಅಡಾಪ್ಟರ್ ಹಾಕಿ ಜಡ್ ಕ್ಯಾಮೆರಾಕ್ಕೆ ಕೂರಿಸಿದರೂ ಅಷ್ಟೇ. ಕೆಡದ ಲೆನ್ಸಿಗೆ ರಿಪೇರಿ ಖರ್ಚು ಹಾಕಬೇಡ.

• ಮೌಂಟಿನಲ್ಲಿರುವ ಬಂಗಾರ ಬಣ್ಣದ ಚುಕ್ಕಿಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸು. ಹೋಗದಿದ್ದರೆ ಹತ್ತಿಕಡ್ಡಿಗೆ ಒಂದು ಹನಿ ಐಸೋಪ್ರೊಪೈಲ್ ಆಲ್ಕೊಹಾಲ್ ಸಾಕು. ಉಪ್ಪುಕಾಗದ ಮುಟ್ಟಿಸಬೇಡ, ಬಾಯಿಂದ ಊದಬೇಡ.

• ಈಗ ಲೆನ್ಸನ್ನು ಕಿವಿಗೆ ಹಿಡಿದು ಶಟರ್ ಗುಂಡಿ ಅರ್ಧ ಒತ್ತು. ಮೋಟರ್ ಗುಯ್ಯೆಂದು ತಿರುಗುತ್ತದೆ, ಗಾಜು ಅಲ್ಲಾಡುವುದಿಲ್ಲ ಎಂದರೆ ಗೇರಿನ ಹಲ್ಲು ಮುರಿದಿದೆ. ಅಗ್ಗದ ಲೆನ್ಸುಗಳಲ್ಲಿ ಅದು ಪ್ಲಾಸ್ಟಿಕ್ ಗೇರು. ಕೀಚ್ ಎಂದು ಕಿರುಚಿದರೆ ಮೋಟರ್ ಕೊನೆಯ ಹಂತದಲ್ಲಿದೆ. ನಿಕಾನ್ ಎಎಫ್-ಎಸ್ ಲೆನ್ಸುಗಳಲ್ಲಿ ಈ ಕಿರುಚಾಟ ಹಳೆಯ ದೂರು. ಸದ್ದೇ ಇಲ್ಲದಿದ್ದರೆ ಮೋಟರ್ರೋ ಬೋರ್ಡೋ ಬಿಚ್ಚದೆ ತಿಳಿಯದು. ಝೂಮ್ ಒಂದು ಜಾಗಕ್ಕೆ ಬಂದಾಗ ಮಾತ್ರ ಕೈಕೊಟ್ಟು, ಮುಂದೆ ಹೋದರೆ ಮತ್ತೆ ಹಿಡಿಯುತ್ತದೆಯೇ? ಹಾಗಿದ್ದರೆ ಬಹುಮಟ್ಟಿಗೆ ಫ್ಲೆಕ್ಸ್ ಕೇಬಲ್. ಕಂಪನಿಗೆ ಕೊಂಡೊಯ್ಯುವ ಮುನ್ನವೇ ಸಮಾಧಾನ ಪಟ್ಟುಕೋ, ಕೇಬಲ್ ಬದಲಾಯಿಸುವುದು ಮೋಟರ್ ಬದಲಾಯಿಸುವಷ್ಟು ದುಬಾರಿಯಲ್ಲ.

• ಫೋಕಸ್ ಹಿಡಿಯುತ್ತದೆ, ಆದರೆ ಕಣ್ಣಿಗೆ ಇಟ್ಟದ್ದು ಯಾವಾಗಲೂ ಕಿವಿಗೆ ಬೀಳುತ್ತದೆ ಎನ್ನುವುದಾದರೆ ಅದು ಸತ್ತ ಆಟೋಫೋಕಸ್ ಅಲ್ಲ, ಹೊಂದಾಣಿಕೆ ತಪ್ಪಿದೆ. ಕೆಲವು ಡಿಎಸ್‌ಎಲ್‌ಆರ್‌ಗಳ ಮೆನುವಿನಲ್ಲೇ ಸರಿಮಾಡಬಹುದು.

• ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಇದು: ಕೈಯಿಂದ ರಿಂಗ್ ತಿರುಗಿಸಿದರೆ ಫೋಕಸ್ ಬದಲಾಗುತ್ತದೆಯೇ? ಕ್ಯಾನನ್‌ನ ರಿಂಗ್ ಯುಎಸ್‌ಎಂ ಇರುವ ಬಹುತೇಕ ಡಿಎಸ್‌ಎಲ್‌ಆರ್ ಲೆನ್ಸುಗಳಲ್ಲಿ ರಿಂಗಿಗೂ ಗಾಜಿಗೂ ನೇರ ಜೋಡಣೆ ಇದೆ. ಮೋಟರ್ ಸತ್ತರೂ ಲೆನ್ಸ್ ಬದುಕುತ್ತದೆ. ಎಸ್‌ಟಿಎಂ ಲೆನ್ಸುಗಳಲ್ಲಿ, ಮಿರರ್‌ಲೆಸ್‌ಗೆ ಬಂದಿರುವ ಬಹುತೇಕ ಲೆನ್ಸುಗಳಲ್ಲಿ, ನೀನು ತಿರುಗಿಸುವ ರಿಂಗು ಮೋಟರಿಗೆ ಬರೀ ಸಂದೇಶ ಕಳಿಸುತ್ತದೆ. ಅಲ್ಲಿ ಮೋಟರ್ ಹೋದರೆ ಕೈ ಫೋಕಸ್ಸೂ ಹೋಯಿತು. ಮೊದಲನೆಯ ಜಾತಿಯಾದರೆ ಯೋಚಿಸಲು ಸಮಯವಿದೆ. ಎರಡನೆಯದಾದರೆ ರಿಪೇರಿ ಇಲ್ಲವೇ ಗುಜರಿ, ನಡುವೆ ಏನೂ ಇಲ್ಲ.

• ರಿಂಗ್ ಕೆಲಸ ಮಾಡುತ್ತಿದೆ, ನಿನ್ನ ಕೆಲಸ ಹಂಪಿಯ ದೇಗುಲ, ಬಂಡೆ, ಹೊಳೆ ಎಂದಾದರೆ ನನ್ನ ಸಲಹೆ: ಒಂದು ಪೈಸೆ ಖರ್ಚು ಮಾಡಬೇಡ. ವಿಠ್ಠಲನ ಗುಡಿಯ ಮುಂದಿನ ಕಲ್ಲಿನ ರಥ ಎಲ್ಲಿಗೂ ಹೊರಡುವುದಿಲ್ಲ. ಎಪಿಎಸ್-ಸಿ ಕ್ಯಾಮೆರಾದಲ್ಲಿ 18 ಎಂಎಂ, ಎಫ್8 ಇಟ್ಟು ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡು. ಹೆಚ್ಚುಕಡಿಮೆ 1 ಮೀಟರ್‌ನಿಂದ ಹಿಡಿದು ಆಚೆಯ ಗುಡ್ಡದ ತನಕ ಚೊಕ್ಕವಾಗಿ ಬರುತ್ತದೆ. ರಿಂಗಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿಬಿಡು. ಮಾತಂಗ ಬೆಟ್ಟದ ಮೇಲೆ ಸೂರ್ಯ ಹುಟ್ಟುವ ಮುಂಚಿನ ಕತ್ತಲಲ್ಲಿ ಒಳ್ಳೆಯ ಆಟೋಫೋಕಸ್ಸೂ ಹಿಂದೆ ಮುಂದೆ ತಡಕಾಡುತ್ತದೆ, ಟೇಪ್ ಹಚ್ಚಿದ ಲೆನ್ಸ್ ತಡಕಾಡುವುದಿಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣದ ಕಾಗದದ ನೆಗೆಟಿವ್ ಮೇಲೆ ಈ ಹಂಪಿಯನ್ನೇ ಹಿಡಿದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಗ್ರೀನ್‌ಲಾಗೆ ಆಟೋಫೋಕಸ್ ಇರಲಿಲ್ಲ, ಮಿನೋಲ್ಟಾದ ಆಟೋಫೋಕಸ್ ಎಸ್‌ಎಲ್‌ಆರ್ ಬಂದದ್ದೇ 1985ರಲ್ಲಿ.

• ಮದುವೆಯವನ ಲೆಕ್ಕ ಬೇರೆ. ಅಕ್ಕಿಕಾಳು ಬೀಳುವ ಹೊತ್ತಿಗೆ ನಾಲ್ಕು ಕಡೆಯಿಂದ ಕೈಗಳು ಮುಂದೆ ಬರುತ್ತವೆ, ಮದುಮಗಳ ತಲೆ ಬಗ್ಗಿರುತ್ತದೆ, ತಾಳಿ ಕಟ್ಟುವವನ ಬೆರಳು ಅವಳ ಕೊರಳ ಹಿಂದೆ ಮರೆಯಾಗಿರುತ್ತದೆ. ನೀನು ಎಫ್2.8ರಲ್ಲಿ ನಿಂತು ರಿಂಗ್ ತಿರುಗಿಸುವಷ್ಟರಲ್ಲಿ ಗಂಟು ಬಿದ್ದು ಮುಗಿದಿರುತ್ತದೆ. ಮತ್ತೊಮ್ಮೆ ಕಟ್ಟಿ ಎನ್ನಲು ಬರುವುದಿಲ್ಲ. ಮದುವೆಯ ಮುಖ್ಯ ಲೆನ್ಸಾದರೆ ಮಾಡಿಸು, ಇಲ್ಲವೇ ಬದಲಿಸು. ಈ ಸಲ ಹೇಗೋ ನಡೆಸೋಣ ಎಂದು ಬಾಕಿ ಹಣ ವಸೂಲಾಗದ ಆಲ್ಬಮ್ ಮಾಡಬೇಡ.

• ಕರಡಿ, ನೀರುನಾಯಿ, ಹಕ್ಕಿ ಹಿಡಿಯುವವರೂ ಮಾಡಿಸಬೇಕಾದವರೇ. ಆದರೆ ದುಡುಕಬೇಡ. ದರೋಜಿ ಕರಡಿಧಾಮದ ಗೋಪುರದಲ್ಲಿ ಕೂತು ಸಂಜೆ ಬೆಳಕಿನಲ್ಲಿ ಎಫ್6.3ರ ಉದ್ದ ಲೆನ್ಸ್ ಕಪ್ಪು ಕರಡಿಯ ಮೇಲೆ ಫೋಕಸ್ ಹಿಡಿಯದಿದ್ದರೆ ಅದು ಬೆಳಕಿನ ಕೊರತೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲಲ್ಲಿ ಪರೀಕ್ಷಿಸಿ ಆಮೇಲೆ ದೂರು ಹೇಳು. ಮುದ್ಲಾಪುರದಿಂದ ಕಂಪ್ಲಿವರೆಗಿನ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ತಲೆ ಎತ್ತಿ ಮುಳುಗುವ ಪ್ರಾಣಿಗೆ ಕೈ ಫೋಕಸ್ ಸಾಲದು.

• ಸಂಡೂರಿನ ಕೆಂಪು ದೂಳು ಮರೆಯಬೇಡ. ಅದಿರು ಲಾರಿ ಓಡುವ ದಾರಿಯಲ್ಲಿ ಲೆನ್ಸ್ ಬದಲಾಯಿಸಿದೆಯೋ, ಕೆಟ್ಟೆ. ಮುಂದೆ ಹಿಂದೆ ಚಾಚುವ ಝೂಮ್ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳುತ್ತದೆ. ತಿರುಗಿಸಿದಾಗ ಕರಕರ ಎಂದರೆ ಮೋಟರ್ ಬದಲಿಸುವ ಮಾತಿಗೆ ಮುಂಚೆ ಬಿಚ್ಚಿ ಸ್ವಚ್ಛ ಮಾಡಲು ಎಷ್ಟಾಗುತ್ತದೆ ಎಂದು ಕೇಳು. ಒತ್ತಿ ತಿರುಗಿಸುವುದು ಮಾತ್ರ ಬೇಡ, ಒಂದು ಹರಳು ಸಾಕು ಗೇರಿನ ಹಲ್ಲು ಉದುರಿಸಲು.

• ಇನ್ನು ದುಡ್ಡು. ಆ ಲೆನ್ಸು ಕೆಡದೆ ಇದ್ದಿದ್ದರೆ ಸೆಕೆಂಡ್ಸ್‌ನಲ್ಲಿ ಏನು ಬೆಲೆ? ಅದರ ಮೂರರಲ್ಲಿ ಒಂದು ಪಾಲಿನೊಳಗೆ ರಿಪೇರಿ ಆಗುವುದಾದರೆ ಕಣ್ಣುಮುಚ್ಚಿ ಮಾಡಿಸು. ಅರ್ಧ ದಾಟಿದರೆ ಬಿಡು. ನಡುವೆ ಬಿದ್ದರೆ ಗಾಜು ನೋಡು: ಟಾರ್ಚ್ ಬಿಟ್ಟಾಗ ಜೇಡರಬಲೆಯಂಥ ಫಂಗಸ್ ಕಂಡರೆ ಬೇಡ. ಗಾಜು ಚೊಕ್ಕವಿದ್ದು, ದೊಡ್ಡ ಅಪರ್ಚರ್ ಲೆನ್ಸಾದರೆ ಮಾಡಿಸು. ಕಿಟ್ ಲೆನ್ಸಿಗೆ ಎಸ್ಟಿಮೇಟ್ ಕೇಳುವುದೇ ದಂಡ. ರಿಪೇರಿ ಖರ್ಚಿಗೆ ಹೋಗಿಬರುವ ಕೊರಿಯರ್ ಖರ್ಚು, ನೋಡುವ ಚಾರ್ಜು ಸೇರಿಸಿಯೇ ಲೆಕ್ಕ ಹಾಕು.

• ಬಿಡುವುದೆಂದು ತೀರ್ಮಾನಿಸಿದರೆ, ರಿಂಗ್ ಕೆಲಸ ಮಾಡುತ್ತಿದ್ದರೆ ಮಾರು. ಆದರೆ ಆಟೋಫೋಕಸ್ ಇಲ್ಲ ಎಂದು ಬರೆದೇ ಮಾರು. ವಿಡಿಯೊ ಮಾಡುವವರಲ್ಲಿ ಕೈ ಫೋಕಸ್ಸೇ ಬೇಕೆನ್ನುವವರಿದ್ದಾರೆ.

• ನಮ್ಮ ಕಡೆಯಿಂದ ಲೆನ್ಸ್ ಬೆಂಗಳೂರಿಗೇ ಹೋಗಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ನೀನೇ ಒಯ್ದರೆ ಉತ್ತಮ. ಮೊಬೈಲ್ ರಿಪೇರಿ ಮಾಡುವ ಗೆಳೆಯ ಎಷ್ಟೇ ಜಾಣನಿದ್ದರೂ ಬಿಚ್ಚಲು ಕೊಡಬೇಡ, ಒಳಗೆ ತೆಳು ವಾಷರ್‌ಗಳಿರುತ್ತವೆ, ಒಂದು ಆಚೀಚೆಯಾದರೂ ಗಾಜಿನ ಮಟ್ಟ ತಪ್ಪುತ್ತದೆ. ಕೊಡುವ ಮುನ್ನ ಸೀರಿಯಲ್ ನಂಬರಿನ ಫೋಟೊ ತೆಗೆದಿಡು. ಫಿಲ್ಟರ್, ಹುಡ್ ಬಿಚ್ಚಿ ಮನೆಯಲ್ಲೇ ಇಡು. ಪಾರ್ಟು ಕಂಪನಿಯದೋ ಹಳೆಯ ಲೆನ್ಸಿನಿಂದ ಕಿತ್ತದ್ದೋ, ಎಷ್ಟು ತಿಂಗಳ ಗ್ಯಾರಂಟಿ, ಕಳಚಿದ ಪಾರ್ಟ್ ವಾಪಸ್ ಕೊಡುತ್ತಾರೋ ಎಂಬುದನ್ನೆಲ್ಲ ಬರಹದಲ್ಲಿ ತಗೋ.

• ವಾಪಸ್ ಬಂದ ಲೆನ್ಸನ್ನು ಅದೇ ವಾರ ಪರೀಕ್ಷಿಸು. ಹಜಾರ ರಾಮನ ಗುಡಿಯ ಗೋಡೆಗಿಂತ ಒಳ್ಳೆಯ ಜಾಗ ನಮ್ಮಲ್ಲಿಲ್ಲ, ಗೋಡೆಯುದ್ದಕ್ಕೂ ಸಾಲು ಸಾಲು ಉಬ್ಬುಶಿಲ್ಪ. ಗೋಡೆಗೆ ನೇರ ಎದುರು ನಿಂತು ಅಪರ್ಚರ್ ಪೂರ್ತಿ ತೆರೆದು ತೆಗೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನಾಲ್ಕು ಮೂಲೆ ಹೋಲಿಸು. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಬಿಚ್ಚಿದವನು ಸರಿಯಾಗಿ ಕೂರಿಸಿಲ್ಲ, ಹಿಂದಕ್ಕೆ ಕಳಿಸು. ಟ್ರೈಪಾಡ್ ಒಯ್ಯಬೇಡ, ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

• ಕಳಿಸುವ ಕಾಲವೂ ಲೆಕ್ಕಕ್ಕಿದೆ. ಆಷಾಢದಲ್ಲಿ ಮದುವೆ ಇಲ್ಲ, ಆಗ ಕಳಿಸು. ಎಸ್ಟಿಮೇಟ್ ಮಾತ್ರ ಅದಕ್ಕೂ ಮುಂಚೆಯೇ ತರಿಸಿಟ್ಟುಕೋ. ಪಾರ್ಟ್ ಬರುವುದು ತಡವಾದರೆ ಶ್ರಾವಣದ ಮೊದಲ ಮುಹೂರ್ತಕ್ಕೆ ಲೆನ್ಸ್ ಬಾಡಿಗೆಗೆ ತರಬೇಕಾದೀತು.