‘ಸಿ’ ಡ್ರೈವು ‘ಇ’ ಆದುದೇಕೆ?

ಗಣಕಯಂತ್ರದಲ್ಲಿ ವಿಂಡೋಸ್ ವ್ಯವಸ್ಥೆಯನ್ನು ಅಳಿಸಿ ಮರಳಿ ಸ್ಥಾಪಿಸಿದಾಗ, ಅದು ನೆಲೆಸಿದ ಡ್ರೈವಿಗೆ ‘ಸಿ’ ಎಂಬ ಹೆಸರಿನ ಬದಲು ‘ಡಿ’ ಅಥವಾ ‘ಇ’ ಎಂಬ ಹೆಸರು ಬರುವುದುಂಟು. ಡಿಸ್ಕು ಹಿಂದಿನದೇ, ಹೆಸರು ಮಾತ್ರ ಬೇರೆ. ಇದಕ್ಕೆ ಕಾರಣವೇನು? ಪರಿಹಾರವೇನು?

ಮೊದಲು ಈ ಅಕ್ಷರಗಳ ಪೂರ್ವೋತ್ತರವನ್ನು ನೋಡೋಣ. ೧೯೮೧ರಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ‘ಎ’ ಮತ್ತು ‘ಬಿ’ ಅಕ್ಷರಗಳು ಫ್ಲಾಪಿ ಡ್ರೈವುಗಳಿಗೆ ಸಲ್ಲುತ್ತಿದ್ದವು. ೧೯೮೩ರ ಎಕ್ಸ್‌ಟಿ ಮಾದರಿಯಲ್ಲಿ ೧೦ ಮೆಗಾಬೈಟಿನ ಹಾರ್ಡ್ ಡಿಸ್ಕು ಬಂದಾಗ ಅದಕ್ಕೆ ‘ಸಿ’ ದೊರೆಯಿತು. ಫ್ಲಾಪಿಗಳು ಮರೆಯಾದರೂ ಆ ರೂಢಿ ಉಳಿದಿದೆ.

ಮುಖ್ಯವಾಗಿ ತಿಳಿಯಬೇಕಾದುದು ಇಷ್ಟು: ಈ ಅಕ್ಷರವು ಡಿಸ್ಕಿನ ಮೇಲೆ ಬರೆದಿರುವುದಿಲ್ಲ. ವಿದ್ಯಾರ್ಥಿಯ ಕ್ರಮಸಂಖ್ಯೆ ಇರುವುದು ತರಗತಿಯ ಹಾಜರಿ ಪುಸ್ತಕದಲ್ಲಿ, ಅವನ ಮೈಮೇಲಲ್ಲ; ಶಾಲೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಹಾಗೆಯೇ ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ‘ಮೌಂಟೆಡ್ ಡಿವೈಸಸ್’ ಎಂಬ ಪಟ್ಟಿಯನ್ನಿಟ್ಟು, ಡಿಸ್ಕಿನ ಯಾವ ಭಾಗಕ್ಕೆ ಯಾವ ಅಕ್ಷರವೆಂದು ಬರೆದುಕೊಳ್ಳುತ್ತದೆ. ಮರುಸ್ಥಾಪನೆಯಾದಾಗ ಹಳೆಯ ಪಟ್ಟಿ ಅಳಿದು ಹೊಸದು ಸಿದ್ಧವಾಗುತ್ತದೆ. ವಿಂಡೋಸ್ ಎಕ್ಸ್‌ಪಿ ಸ್ಥಾಪಿಸುವಾಗ ಕಾರ್ಡ್ ರೀಡರೋ ಬೇರೊಂದು ಡಿಸ್ಕೋ ಜೋಡಿಸಿದ್ದರೆ, ‘ಸಿ’ ಅದರ ಪಾಲಾಗುವ ಸಂಭವವಿತ್ತು.

ಪರಿಹಾರಕ್ಕೆ ತೊಡಗುವ ಮುನ್ನ ಎರಡು ಸಂದರ್ಭಗಳನ್ನು ಬೇರ್ಪಡಿಸಿ ನೋಡಬೇಕು.

ಒಂದು: ಸ್ಥಾಪನೆಯ ಕಾಲದಿಂದಲೇ ಹೆಸರು ‘ಇ’ ಆಗಿದ್ದರೆ, ಅದನ್ನು ‘ಸಿ’ ಎಂದು ತಿದ್ದಲಾಗದು. ರಿಜಿಸ್ಟ್ರಿಯ ಅಸಂಖ್ಯ ನಮೂದುಗಳು ಕಡತಗಳ ವಿಳಾಸವನ್ನು ‘ಇ’ ಎಂದೇ ಬರೆದುಕೊಂಡಿರುತ್ತವೆ. ಹೆಸರು ಬದಲಿಸಿದರೆ ವ್ಯವಸ್ಥೆಗೆ ತನ್ನ ಕಡತಗಳೇ ಸಿಗದೆ ಯಂತ್ರವು ಪ್ರಾರಂಭವಾಗದೆ ಹೋಗಬಹುದು. ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ಹಾಗೆಯೇ ಬಿಡುವುದು ಲೇಸು. ‘ಸಿ’ ಬೇಕೇಬೇಕೆಂದಾದರೆ ಕಡತಗಳ ನಕಲನ್ನು ಬೇರೆಡೆ ಇರಿಸಿ, ಉಳಿದ ಡಿಸ್ಕುಗಳನ್ನೆಲ್ಲ ಕಳಚಿ, ಸ್ಥಾಪನಾ ಡಿಸ್ಕಿನಿಂದಲೇ ಯಂತ್ರವನ್ನು ಪ್ರಾರಂಭಿಸಿ ಮತ್ತೆ ಸ್ಥಾಪಿಸಬೇಕು.

ಎರಡು: ‘ಸಿ’ ಎಂದು ಸ್ಥಾಪನೆಯಾಗಿ ಅನಂತರ ಅಕ್ಷರವು ಪಲ್ಲಟಗೊಂಡಿದ್ದರೆ, ರಿಜಿಸ್ಟ್ರಿಯ ಪ್ರತಿಯನ್ನು ತೆಗೆದಿರಿಸಿಕೊಂಡು ಆ ಪಟ್ಟಿಯಲ್ಲಿ ಮೊದಲಿನ ಅಕ್ಷರವನ್ನೇ ಮರಳಿ ನಮೂದಿಸಬಹುದು. ಇಲ್ಲಿ ಉಳಿದ ವಿಳಾಸಗಳೆಲ್ಲ ‘ಸಿ’ ಎಂದೇ ಇರುವುದರಿಂದ ತಿದ್ದುಪಡಿ ಹೊಂದಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಸ್ಥಾಪನಾ ಡಿಸ್ಕಿನಿಂದ ಪ್ರಾರಂಭವಾದ ಯಂತ್ರವು ತನ್ನದೇ ಬೇರೊಂದು ಪಟ್ಟಿಯನ್ನು ರಚಿಸಿಕೊಳ್ಳುತ್ತದೆ. ನಿನ್ನೆಯ ‘ಡಿ’ ಅಲ್ಲಿ ‘ಸಿ’ ಎಂದು ತೋರಬಹುದು. ಅಕ್ಷರವನ್ನಷ್ಟೇ ನಂಬಿ ಫಾರ್ಮ್ಯಾಟ್ ಮಾಡಿದವನು ವರ್ಷಗಳ ಟಿಪ್ಪಣಿಗಳನ್ನೂ ಚಿತ್ರಗಳನ್ನೂ ಕ್ಷಣದಲ್ಲಿ ಕಳೆದುಕೊಂಡಾನು. ಆದುದರಿಂದ ಯಾವುದನ್ನೂ ಅಳಿಸುವ ಮುನ್ನ ಡಿಸ್ಕಿನ ಗಾತ್ರ, ಅದಕ್ಕೆ ನಾವಿತ್ತ ಹೆಸರು, ಒಳಗಿರುವ ಕಡತಗಳು ಇವನ್ನು ನೋಡಿ ಗುರುತಿಸತಕ್ಕದ್ದು.