ಮಾವಿನಕಾಯಿಗೂ ಮುಟ್ಟು ನಿಲ್ಲುವುದಕ್ಕೂ ಒಂದೇ ಪದವೇ?

ಪ್ರಶ್ನೆ: ನಮ್ಮದು ಕೃಷ್ಣಗಿರಿ ಹತ್ತಿರ ಮಾವಿನ ತೋಟ. ತರಬೇತಿಯೊಂದರಲ್ಲಿ ಮಾವನ್ನು ‘ಕ್ಲೈಮ್ಯಾಕ್ಟೆರಿಕ್’ ಹಣ್ಣು ಎಂದರು. ನಮ್ಮ ಅಕ್ಕನ ವೈದ್ಯರ ಚೀಟಿಯಲ್ಲೂ ಅದೇ ಪದವಿತ್ತು! ಏನಿದರ ಅರ್ಥ? ಗ್ಯಾಸ್ ಕೊಟ್ಟು ಮಾಗಿಸಿದ ಹಣ್ಣಿಗೆ ಹಾಗೆನ್ನುತ್ತಾರೆಯೇ?
– ಓದುಗರು, ಕೃಷ್ಣಗಿರಿ ಜಿಲ್ಲೆ

ಉತ್ತರ: ಗ್ಯಾಸಿಗೂ ಆ ಹೆಸರಿಗೂ ಸಂಬಂಧವಿಲ್ಲ, ಅದು ಹಣ್ಣಿನ ಹುಟ್ಟುಗುಣ. ಮರದಿಂದ ಕಿತ್ತ ಮೇಲೂ ಕಾಯಿ ಉಸಿರಾಡುತ್ತಲೇ ಇರುತ್ತದೆ. ಬಲಿತ ತೋತಾಪುರಿಯನ್ನು (ನಮ್ಮ ಗಿಣಿಮೂತಿ, ತಮಿಳರ ಕಿಳಿಮೂಕು) ಕಿತ್ತಿಟ್ಟು ನೋಡಿ. ಕೆಲದಿನ ತೆಪ್ಪಗಿದ್ದು, ಆಮೇಲೆ ಉಸಿರಾಟ ಒಮ್ಮೆಗೇ ಏರುತ್ತದೆ. ಎಥಿಲೀನ್ ಎಂಬ ಅನಿಲವನ್ನು ಕಾಯಿ ತಾನೇ ಹೊರಬಿಡುತ್ತದೆ. ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಗಟ್ಟಿ ತಿರುಳು ಮೆತ್ತಗಾಗುತ್ತದೆ. ಹೀಗೆ ಮಾಗುವ ಹೊತ್ತಿಗೆ ಉಸಿರು ಏರುವ ಹಣ್ಣುಗಳೇ ಕ್ಲೈಮ್ಯಾಕ್ಟೆರಿಕ್. ಹಿಂದಿನಿಂದಲೂ ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದದ್ದು ಏಕೆಂದುಕೊಂಡಿರಿ? ಆ ಅನಿಲವೂ ಶಾಖವೂ ಆಚೆ ಹೋಗದಿರಲಿ ಎಂದೇ. ಹೆಸರು ಮಾತ್ರ ಗೊತ್ತಿರಲಿಲ್ಲ.

ಈ ವಿಶೇಷಣವನ್ನು ಹಣ್ಣಿಗೆ ತಂದವರು ಕೇಂಬ್ರಿಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಚಾರ್ಲ್ಸ್ ವೆಸ್ಟ್. 1920ರ ದಶಕದಲ್ಲಿ ಅವರು ಸೇಬಿನ ಉಸಿರಾಟ ಅಳೆಯುತ್ತಿದ್ದರು. ಮಾಗುವ ಸೇಬು ಎಥಿಲೀನ್ ಬಿಡುತ್ತದೆಂದು ರಿಚರ್ಡ್ ಗೇನ್ ತೋರಿಸಿದ್ದು 1934ರಲ್ಲಿ.

ಪದವೇನೋ ಬಲು ಹಳೆಯದು. ಗ್ರೀಕ್ ಭಾಷೆಯಲ್ಲಿ ‘ಕ್ಲಿಮ್ಯಾಕ್ಸ್’ ಎಂದರೆ ಏಣಿ, ‘ಕ್ಲಿಮಾಕ್ಟೇರ್’ ಅದರ ಒಂದು ಮೆಟ್ಟಿಲು. ಆಯುಷ್ಯದ ಏಣಿಯಲ್ಲಿ ಪ್ರತಿ ಏಳನೆಯ ವರ್ಷವೂ ಗಂಡಾಂತರ, ಅದರಲ್ಲೂ ಏಳೊಂಬತ್ಲಿ 63 ದೊಡ್ಡ ಕಂಟಕ ಎಂದು ಯುರೋಪಿನ ಹಿರಿಯರು ನಂಬಿದ್ದರು. ನಾವು ಅರವತ್ತಕ್ಕೆ ಶಾಂತಿ ಮಾಡಿಸುವುದಿಲ್ಲವೇ, ಹಾಗೆ. ಮೈಯಲ್ಲಿ ದೊಡ್ಡ ಬದಲಾವಣೆಯಾಗುವ ಘಟ್ಟ ಎಂಬ ಅರ್ಥದಲ್ಲಿ ವೈದ್ಯರು ಮುಟ್ಟು ನಿಲ್ಲುವ ಕಾಲಕ್ಕೆ ಅದನ್ನು ಬಳಸಿದರು. ಅಕ್ಕನವರ ಚೀಟಿಯಲ್ಲಿರುವುದು ಅದೇ. ಸಿನಿಮಾದ ಕ್ಲೈಮ್ಯಾಕ್ಸ್ ಕೂಡ ಇದೇ ಏಣಿಯದು. ಹವಾಮಾನದ ‘ಕ್ಲೈಮ್ಯಾಟಿಕ್’ ಎಂಬುದರ ಜೊತೆ ಮಾತ್ರ ಕಲಸಬೇಡಿ. ಪತ್ರಿಕೆಗಳಲ್ಲೂ ಆ ಎಡವಟ್ಟು ಕಾಣುತ್ತದೆ.

ಬಾಳೆ, ಪರಂಗಿ, ಸಪೋಟ ಇದೇ ಗುಂಪಿನವು. ಟೊಮೇಟೊ ಕೂಡ. ಅದಕ್ಕೇ ರಾಯಕೋಟೆಯ ಮಂಡಿಗೆ ಬರುವ ದೋರಗಾಯಿ ಟೊಮೇಟೊ ದೂರದೂರು ಮುಟ್ಟುವಷ್ಟರಲ್ಲಿ ಕೆಂಪಾಗಿರುತ್ತದೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸ್ ಈ ಗುಂಪಿಗೆ ಸೇರವು. ಹುಳಿ ದ್ರಾಕ್ಷಿ ತಂದು ಮನೆಯಲ್ಲಿಟ್ಟರೆ ಬಾಡೀತೇ ಹೊರತು ಸಿಹಿಯಾಗದು.

ಇನ್ನು ಗ್ಯಾಸಿನ ಮಾತು. ಹಣ್ಣು ಮಾಗಿಸುವ ಕೋಣೆಯಲ್ಲಿ ಹತ್ತು ಲಕ್ಷಕ್ಕೆ 100 ಭಾಗದವರೆಗೆ ಎಥಿಲೀನ್ ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆಯಿದೆ. ಕಾರ್ಬೈಡ್‌ಗೆ ನಿಷೇಧವಿದೆ. ಅದರಿಂದ ಹೊರಡುವ ಅಸಿಟಿಲೀನ್ ಎಥಿಲೀನ್‌ನಂತೆಯೇ ಕೆಲಸ ಮಾಡಿದರೂ ಜೊತೆಗೆ ಆರ್ಸೆನಿಕ್, ರಂಜಕದ ವಿಷದಂಶ ಬರುತ್ತದೆ. ಎಷ್ಟೇ ಕ್ಲೈಮ್ಯಾಕ್ಟೆರಿಕ್ ಆದರೂ ಕಾಯಿ ಮರದಲ್ಲೇ ಬಲಿತಿರಬೇಕು. ಎಳಸಿಗೆ ಗ್ಯಾಸ್ ಕೊಟ್ಟರೆ ಬಣ್ಣ ಬರಬಹುದು, ರುಚಿ ಬಾರದು. ಹಂಗಾಮಿನ ಮೊದಲ ಬೆಲೆಗೆ ಆಸೆಪಟ್ಟು ಎಳಸು ಕೀಳಬೇಡಿ.